ಅಂತೆಕಂತೆಗಳ ಸಂತೆಯಲ್ಲಿ ಫುಟ್‌ಬಾಲಿಗನ ಬಾಳು

ಕರ್ನಾಟಕದಲ್ಲಿ ‘ವರ್ಗಾವಣೆ’ ಎಂಬ ಮಾತು ಕಿವಿಗೆ ಬಿದ್ದೊಡನೆ ನೆನಪಾಗುವುದು ವಿಧಾನಸೌಧದ ಮೊಗಸಾಲೆ. ಮೇ, ಜೂನ್ ತಿಂಗಳು ಬಂತೆಂದರೆ ಯಾವ ತಹಶೀಲ್ದಾರರು ಎಲ್ಲಿಗೆ, ಯಾವ ಇನ್‌ಸ್ಪೆಕ್ಟರ್ ಯಾವ ಠಾಣೆಗೆ, ಯಾರ ಶಿಫಾರಸು ಯಾರ ಮೇಜಿನ ಮೇಲಿದೆ ಎಂಬ ಲೆಕ್ಕಾಚಾರ ಆರಂಭವಾಗುತ್ತದೆ. ಹೆಚ್ಚುಕಡಿಮೆ ಅದೇ ಹೊತ್ತಿಗೆ ಯುರೋಪಿನಲ್ಲಿ ಇನ್ನೊಂದು ವರ್ಗಾವಣೆ ಋತು ತೆರೆದುಕೊಳ್ಳುತ್ತದೆ. ಅಲ್ಲಿ ಕೈ ಬದಲಾಯಿಸುವವರು ಫುಟ್‌ಬಾಲ್ ಆಟಗಾರರು. ಯಾರು ಯಾವ ಕ್ಲಬ್ಬಿಗೆ, ಎಷ್ಟು ಹಣಕ್ಕೆ, ಎಷ್ಟು ವರ್ಷದ ಕರಾರಿಗೆ ಎಂಬ ಗಾಳಿಸುದ್ದಿಯನ್ನು ಜಗತ್ತಿನ ಕೋಟ್ಯಂತರ ಜನ ಪಂದ್ಯಕ್ಕಿಂತ ಹೆಚ್ಚಿನ ಶ್ರದ್ಧೆಯಿಂದ ಹಿಂಬಾಲಿಸುತ್ತಾರೆ.

ಈ ಎರಡನೆಯ ಋತುವಿನ ಚರ್ಚೆ ಅತ್ತಿಬೆಲೆಯಲ್ಲೂ ಕೇಳಿಸುತ್ತದೆ ಎಂಬುದು ಮೊದಲಿಗೆ ಅಚ್ಚರಿಯೆನಿಸಬಹುದು. ಆನೇಕಲ್ ತಾಲ್ಲೂಕಿನ ಈ ಊರು ಕರ್ನಾಟಕದ ಅಂಚು. ಟೋಲ್ ದಾಟಿ ತುಸು ಮುಂದೆ ಹೋದರೆ ತಮಿಳುನಾಡು. 2025ರ ಆಗಸ್ಟ್‌ನಲ್ಲಿ ಆರಂಭವಾದ ಹಳದಿ ಮಾರ್ಗದ ಮೆಟ್ರೊ ಬೊಮ್ಮಸಂದ್ರದಲ್ಲೇ ನಿಂತುಬಿಡುತ್ತದೆ. ಅಲ್ಲಿಂದಾಚೆ ಬಸ್ಸು, ಶೇರ್ ಆಟೊ, ಕಂಪನಿ ವಾಹನಗಳೇ ಗತಿ. ಒಂದು ಕಡೆ ಕೈಗಾರಿಕಾ ಪ್ರದೇಶ, ಇನ್ನೊಂದು ಕಡೆ ಎಲೆಕ್ಟ್ರಾನಿಕ್ ಸಿಟಿಗೆ ಹೋಗಿಬರುವವರ ಬಾಡಿಗೆ ಮನೆಗಳು. ಕೇರಳ, ಬಂಗಾಳ, ಮಣಿಪುರ, ಅಸ್ಸಾಂಗಳಿಂದ ಬಂದ ಯುವಕರು ಇಲ್ಲಿನ ಕಾರ್ಖಾನೆ, ಗೋದಾಮು, ಕಚೇರಿಗಳಲ್ಲಿ ದುಡಿಯುತ್ತಾರೆ. ಫುಟ್‌ಬಾಲ್ ಎಂಬುದು ಅವರು ತಮ್ಮೊಂದಿಗೆ ತಂದ ಸಾಮಾನುಗಳಲ್ಲೊಂದು. ಪಾಳಿ ಮುಗಿದ ಮೇಲೆ ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಸಿಗುವ ಕೃತಕ ಹುಲ್ಲಿನ ಅಂಗಳದಲ್ಲಿ ಅವರು ಆಡುವುದುಂಟು. ಆಡಿದ ಮೇಲೆ ಚಹಾ ಅಂಗಡಿಯ ಮುಂದೆ ನಿಂತು ಮೊಬೈಲ್ ಪರದೆಯಲ್ಲಿ ‘ಅವನು ಮ್ಯಾಡ್ರಿಡ್‌ಗೆ ಹೋಗುತ್ತಾನಂತೆ’ ಎಂದು ವಾದಿಸುವುದೂ ಉಂಟು.

ಅದೇ ಅಂಗಡಿಯ ಮುಂದೆ ಇನ್ನೊಂದು ಬಗೆಯ ವದಂತಿಯೂ ಓಡಾಡುತ್ತದೆ. ‘ಈ ಸಲ ಹತ್ತು ಜನರನ್ನು ಕಾಯಂ ಮಾಡುತ್ತಾರಂತೆ’, ‘ಮುಂದಿನ ತಿಂಗಳಿಂದ ಗುತ್ತಿಗೆದಾರನೇ ಬದಲಾಗುತ್ತಾನಂತೆ’, ‘ಆ ಯೂನಿಟ್ಟು ಹೊಸೂರಿಗೆ ಹೋಗುತ್ತದಂತೆ’. ಕನ್ನಡದ ಜಾಣತನವನ್ನು ಗಮನಿಸಬೇಕು. ಕ್ರಿಯಾಪದದ ಬಾಲಕ್ಕೆ ಒಂದು ‘ಅಂತೆ’ ಹಚ್ಚಿದರೆ ಸುದ್ದಿಯನ್ನು ಹೇಳಿದಂತೆಯೂ ಆಯಿತು, ಅದರ ಹೊಣೆಯಿಂದ ತಪ್ಪಿಸಿಕೊಂಡಂತೆಯೂ ಆಯಿತು. ಯುರೋಪಿನ ಕ್ರೀಡಾ ಪತ್ರಕರ್ತರು ‘ಆಪ್ತ ಮೂಲಗಳ ಪ್ರಕಾರ’ ಎಂದು ಮೂರು ಪದಗಳಲ್ಲಿ ಮಾಡುವ ಕೆಲಸವನ್ನು ನಮ್ಮ ಭಾಷೆ ಒಂದು ಪ್ರತ್ಯಯದಲ್ಲಿ ಮುಗಿಸಿಬಿಟ್ಟಿದೆ.

ಈ ಎರಡು ವದಂತಿಗಳ ನಡುವಿನ ಸಂಬಂಧ ಮೇಲ್ನೋಟಕ್ಕೆ ಕಾಣುವುದಕ್ಕಿಂತ ಹತ್ತಿರದ್ದು. ಆಟಗಾರನ ವರ್ಗಾವಣೆಯ ಗಾಳಿಸುದ್ದಿಯನ್ನು ನಾವು ಮನರಂಜನೆಯೆಂದು ಓದುತ್ತೇವೆ. ವಾಸ್ತವದಲ್ಲಿ ಅದು ಅಲ್ಪಾವಧಿಯ ಕರಾರಿನ ಮೇಲೆ ಬದುಕುವ ಒಬ್ಬ ದುಡಿಮೆಗಾರನ ಚೌಕಾಸಿಯ ಸದ್ದು. ಆ ಸದ್ದು ಕೇಳಿಸುವುದು ಬೆರಳೆಣಿಕೆಯ ತಾರೆಯರ ಬಗ್ಗೆ ಮಾತ್ರ. ಉಳಿದವರ ಕರಾರು ಯಾವಾಗ ಮುಗಿಯಿತು, ಯಾಕೆ ಮುಗಿಯಿತು, ಬಾಕಿ ಹಣ ಬಂತೇ ಇಲ್ಲವೇ ಎಂಬ ಬಗ್ಗೆ ಯಾವ ಅಂತೆಕಂತೆಯೂ ಹುಟ್ಟುವುದಿಲ್ಲ.

ವದಂತಿ ಹುಟ್ಟುವ ಬಗೆ ಹೇಗೆ? ಸಾಫ್ಟ್‌ವೇರ್ ಉದ್ಯೋಗದಲ್ಲಿರುವವರಿಗೆ ಇದನ್ನು ವಿವರಿಸಬೇಕಾದ ಅಗತ್ಯವಿಲ್ಲ. ಬೇರೊಂದು ಕಂಪನಿಯಿಂದ ‘ಆಫರ್ ಲೆಟರ್’ ಪಡೆದು, ಅಲ್ಲಿಗೆ ಹೋಗುವ ಮನಸ್ಸಿಲ್ಲದಿದ್ದರೂ ಅದನ್ನು ಈಗಿನ ಮ್ಯಾನೇಜರರ ಮುಂದಿಟ್ಟು ಸಂಬಳ ಹೆಚ್ಚಿಸಿಕೊಳ್ಳುವ ವಿದ್ಯೆ ಎಲೆಕ್ಟ್ರಾನಿಕ್ ಸಿಟಿಗೆ ಹೊಸದಲ್ಲ. ಆಟಗಾರನ ಏಜೆಂಟ್ ಮಾಡುವುದೂ ಇದನ್ನೇ. ಪತ್ರದ ಬದಲು ಪತ್ರಿಕೆಯನ್ನು ಬಳಸುತ್ತಾನೆ, ಅಷ್ಟೇ. ದೊಡ್ಡ ಕ್ಲಬ್ಬೊಂದು ತನ್ನ ಆಟಗಾರನ ಮೇಲೆ ಕಣ್ಣಿಟ್ಟಿದೆ ಎಂಬ ಸುದ್ದಿ ಹೊರಬಿದ್ದರೆ ಈಗಿನ ಕ್ಲಬ್ಬು ಕರಾರು ನವೀಕರಣಕ್ಕೆ ಆತುರಪಡುತ್ತದೆ. ಮಾರಾಟ ಮಾಡಲಿಚ್ಛಿಸುವ ಕ್ಲಬ್ಬಿಗೂ ಇಬ್ಬರು ಗಿರಾಕಿಗಳಿದ್ದಾರೆಂಬ ಸುದ್ದಿ ಬೇಕು, ಇಲ್ಲದಿದ್ದರೆ ಬೆಲೆ ಏರದು. ಸೋಲಿನ ಸರಣಿಯಿಂದ ಸಿಟ್ಟಾದ ಅಭಿಮಾನಿಗಳನ್ನು ಸಮಾಧಾನಪಡಿಸಲು ‘ಮಾತುಕತೆ ನಡೆದಿದೆ’ ಎಂಬ ಸುದ್ದಿಯನ್ನು ಆಡಳಿತ ಮಂಡಳಿಯೇ ಹೊರಬಿಡುವುದೂ ಅಪರೂಪವಲ್ಲ.

ಇದರ ಹಿಂದೆ ಒಂದು ಕಾನೂನಿನ ಚರಿತ್ರೆಯೂ ಇದೆ. 1995ರ ಡಿಸೆಂಬರ್‌ವರೆಗೆ ಯುರೋಪಿನಲ್ಲಿ ಕರಾರು ಮುಗಿದ ಆಟಗಾರನನ್ನೂ ಹಳೆಯ ಕ್ಲಬ್ಬು ಹಣ ಪಡೆಯದೆ ಬಿಟ್ಟುಕೊಡಬೇಕಾಗಿರಲಿಲ್ಲ. ಬೆಲ್ಜಿಯಂನ ಸಾಧಾರಣ ಆಟಗಾರ ಜಾನ್ ಮಾರ್ಕ್ ಬಾಸ್ಮನ್ ಹೂಡಿದ ದಾವೆಯಲ್ಲಿ ಯುರೋಪಿನ ನ್ಯಾಯಾಲಯ ಆ ಪದ್ಧತಿಯನ್ನು ತಳ್ಳಿಹಾಕಿತು. ಅಂದಿನಿಂದ ಕರಾರಿನ ಅವಧಿಯೇ ಆಟಗಾರನ ಕೈಯಲ್ಲಿರುವ ಮುಖ್ಯ ಅಸ್ತ್ರ. ಫಿಫಾ ನಿಯಮದಂತೆ ಕರಾರಿನ ಕೊನೆಯ ಆರು ತಿಂಗಳಲ್ಲಿ ಆತ ಬೇರೆ ಕ್ಲಬ್ಬಿನೊಡನೆ ಮುಂದಿನ ಒಪ್ಪಂದಕ್ಕೆ ಸಹಿ ಹಾಕಬಹುದು. ಕಿಲಿಯನ್ ಎಂಬಾಪೆ ವರ್ಷಗಟ್ಟಲೆ ರಿಯಲ್ ಮ್ಯಾಡ್ರಿಡ್‌ಗೆ ‘ಹೋಗುತ್ತಾನಂತೆ’ ಎನಿಸಿಕೊಂಡು, ಕೊನೆಗೆ 2024ರಲ್ಲಿ ಪ್ಯಾರಿಸ್ ಕ್ಲಬ್ಬಿನ ಕರಾರು ಮುಗಿಸಿ, ವರ್ಗಾವಣೆ ಶುಲ್ಕವಿಲ್ಲದೆ ಅಲ್ಲಿಗೆ ಹೋದ. ವರ್ಗಾವಣೆ ಶುಲ್ಕವೆಂಬುದು ಕ್ಲಬ್ಬಿನಿಂದ ಕ್ಲಬ್ಬಿಗೆ ಹೋಗುವ ಹಣ, ಆಟಗಾರನಿಗಲ್ಲ. ಆ ಶುಲ್ಕ ಉಳಿದಾಗ ಅದರ ಒಂದು ಭಾಗವನ್ನು ತನ್ನ ಸಂಬಳಕ್ಕೋ ಸಹಿ ಹಾಕಿದ ಇನಾಮಿಗೋ ಸೇರಿಸಿಕೊಳ್ಳಲು ಆತನಿಗೆ ಅವಕಾಶವಾಗುತ್ತದೆ. ಆದರೆ ಕಾಯುವ ಶಕ್ತಿ ಇದ್ದವನಿಗೆ ಮಾತ್ರ ಈ ಆಟ ಸಾಧ್ಯ.

ಬೆಂಗಳೂರಿನ ಆಟಗಾರ ಯಾವ ಬಲದ ಮೇಲೆ ಕಾಯುತ್ತಿದ್ದ? ಈ ಪ್ರಶ್ನೆಗೆ ಉತ್ತರ ಹುಡುಕಲು ಕೊಂಚ ಹಿಂದಕ್ಕೆ ಹೋಗಬೇಕು.

ಇಂದಿನ ಪೀಳಿಗೆಗೆ ಬೆಂಗಳೂರೆಂದರೆ ಕ್ರಿಕೆಟ್. ಆದರೆ 1937 ಮತ್ತು 1938ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಮುಂಬೈಯ ರೋವರ್ಸ್ ಕಪ್ ಗೆದ್ದಾಗ, ಅದುವರೆಗೆ ಬ್ರಿಟಿಷ್ ಸೈನಿಕ ತಂಡಗಳ ಸ್ವತ್ತಿನಂತಿದ್ದ ಪ್ರಶಸ್ತಿ ಅದು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತ 1–2ರಿಂದ ಸೋತ ಪಂದ್ಯದ ಏಕೈಕ ಭಾರತೀಯ ಗೋಲು ಬೆಂಗಳೂರಿನಲ್ಲಿ ಆಡಿ ಬೆಳೆದ ಸಾರಂಗಪಾಣಿ ರಾಮನ್ ಅವರದು. ಅದೇ ತಂಡದಲ್ಲಿದ್ದ ಅಹ್ಮದ್ ಖಾನ್ ಮರುವರ್ಷ, 1949ರಲ್ಲಿ, ಕೋಲ್ಕತ್ತದ ಈಸ್ಟ್ ಬೆಂಗಾಲ್ ಸೇರಿದರು. ಆ ಕ್ಲಬ್ಬಿನ ಜೆ.ಸಿ. ಗುಹಾ ದಕ್ಷಿಣದ ಊರುಗಳನ್ನು ಜಾಲಾಡಿ ಕಟ್ಟಿದ ‘ಪಂಚಪಾಂಡವ’ರ ಮುಂಪಡೆಯಲ್ಲಿ ಅಹ್ಮದ್ ಖಾನ್ ಒಬ್ಬರು, ಧನರಾಜ್ ಇನ್ನೊಬ್ಬರು. ಅಹ್ಮದ್ ಖಾನ್ ಸುಮಾರು ಹತ್ತು ವರ್ಷ ಒಂದೇ ಕ್ಲಬ್ಬಿನಲ್ಲಿ ಆಡಿದರು. 2017ರಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು. ಮುಂದೆ ಕೆಂಪಯ್ಯ, ಅರುಮೈನಾಯಗಂ ಅವರಂತಹವರು ಮೋಹನ್ ಬಗಾನ್ ಕಡೆಗೆ ಹೋದರು. ಬೆಂಗಳೂರು ಆಟಗಾರರನ್ನು ತಯಾರಿಸುವ ಊರು, ಕೋಲ್ಕತ್ತ ಅವರನ್ನು ಕೊಳ್ಳುವ ಊರು ಎಂಬಂತಾಗಿತ್ತು. ಕೋಲ್ಕತ್ತದ ಆ ದಿನಗಳ ವರ್ಗಾವಣೆಯೆಂದರೆ ಸಹಿಯ ದಿನದವರೆಗೆ ಆಟಗಾರನನ್ನು ಎದುರಾಳಿ ಕ್ಲಬ್ಬಿನ ಕಣ್ಣಿಗೆ ಬೀಳದಂತೆ ಬಚ್ಚಿಡುವ ಸಾಹಸಗಳ ಸರಮಾಲೆ. ನಮ್ಮ ರಾಜಕೀಯದ ರೆಸಾರ್ಟ್ ವಾಸ್ತವ್ಯಕ್ಕೆ ಅಲ್ಲಿ ಪೂರ್ವಿಕರಿದ್ದರು ಎನ್ನಬಹುದು!

ಆದರೆ ಹೀಗೆ ಹೋದವರು ಕೆಲವರು. ಉಳಿದ ನೂರಾರು ಮಂದಿ ಬೆಂಗಳೂರಿನಲ್ಲೇ ಉಳಿದರು. ಅವರನ್ನು ಉಳಿಸಿದ್ದು ಕ್ಲಬ್ಬುಗಳಲ್ಲ, ಕಾರ್ಖಾನೆಗಳು. ಎಚ್‌ಎಎಲ್, ಐಟಿಐ, ಬಿಇಎಂಎಲ್. ಅವುಗಳ ಜೊತೆಗೆ ಮಹಾಲೇಖಪಾಲರ ಕಚೇರಿ, ಎಂಇಜಿ ಮತ್ತು ಎಎಸ್‌ಸಿಯಂತಹ ಸೇನಾ ಕೇಂದ್ರಗಳು. ಆಸ್ಟಿನ್ ಟೌನ್‌ನ ಅಥವಾ ಗೌತಮಪುರದ ಹುಡುಗನೊಬ್ಬ ಚೆನ್ನಾಗಿ ಆಡಿದರೆ ಅವನ ಮನೆಯವರು ಕೇಳುತ್ತಿದ್ದ ಪ್ರಶ್ನೆ ಒಂದೇ: ‘ಯಾವ ಫ್ಯಾಕ್ಟರಿಯಲ್ಲಿ ಕೆಲಸ ಸಿಗುತ್ತದೆ?’ ಬೆಳಗ್ಗೆ ಅಭ್ಯಾಸ, ಮಧ್ಯಾಹ್ನ ಹಾಜರಿ, ಸಂಜೆ ಅಶೋಕನಗರದ ಕ್ರೀಡಾಂಗಣದಲ್ಲಿ ಲೀಗ್ ಪಂದ್ಯ. ಮೊಣಕಾಲು ಮುರಿದರೂ ನೌಕರಿ ಉಳಿಯುತ್ತಿತ್ತು. ಮೂವತ್ತೈದಕ್ಕೆ ಆಟ ಮುಗಿದರೆ ಐವತ್ತೆಂಟರವರೆಗೆ ಸಂಬಳ, ಆಮೇಲೆ ಭವಿಷ್ಯನಿಧಿ. ಈ ವ್ಯವಸ್ಥೆಯಲ್ಲಿ ದೊಡ್ಡ ಹಣವಿರಲಿಲ್ಲ, ದೊಡ್ಡ ಹೆಸರೂ ಬರುತ್ತಿರಲಿಲ್ಲ; ಸ್ಪರ್ಧೆಯ ಹಸಿವು ಕಡಿಮೆಯಾಗಿತ್ತೆಂಬ ಟೀಕೆಯಲ್ಲೂ ಹುರುಳಿದೆ. ಆದರೆ ‘ಬರುವುದಿಲ್ಲ’ ಎಂದು ಹೇಳುವ ಶಕ್ತಿಯನ್ನು ಅದು ಆಟಗಾರನಿಗೆ ಕೊಟ್ಟಿತ್ತು. ಕೋಲ್ಕತ್ತದ ಕರೆಯನ್ನು ಆತ ಒಪ್ಪಲೂಬಹುದಿತ್ತು, ನಿರಾಕರಿಸಲೂಬಹುದಿತ್ತು.

ಉದಾರೀಕರಣದ ನಂತರ ಸಾರ್ವಜನಿಕ ಉದ್ದಿಮೆಗಳ ನೇಮಕಾತಿ ಕುಗ್ಗಿತು. ಕ್ರೀಡಾ ಕೋಟಾ ಅದರೊಡನೆ ಸೊರಗಿತು. ಎಚ್‌ಎಎಲ್ ತಂಡ 2010ರಿಂದ ಎರಡು ಋತು ಐ–ಲೀಗ್‌ನಲ್ಲಿ ಆಡಿ, 2012ರಲ್ಲಿ ಕೆಳಕ್ಕೆ ಜಾರಿತು. ಈ ನಡುವಿನ ಸಂಧಿಕಾಲದಲ್ಲಿ ಬೆಂಗಳೂರಿನ ಕಾರ್ಲ್‌ಟನ್ ಚಾಪ್‌ಮನ್ ಅಂಥವರು ಬೇರೆ ದಾರಿ ಹಿಡಿದರು. ಜಮ್‌ಷೆಡ್‌ಪುರದ ಟಾಟಾ ಅಕಾಡೆಮಿಯಲ್ಲಿ ಕಲಿತು 1993ರಲ್ಲಿ ಈಸ್ಟ್ ಬೆಂಗಾಲ್, 1995ರಲ್ಲಿ ಪಂಜಾಬಿನ ಜೆಸಿಟಿ, ಮತ್ತೆ ಈಸ್ಟ್ ಬೆಂಗಾಲ್. ಜೆಸಿಟಿ ಮೊಟ್ಟಮೊದಲ ರಾಷ್ಟ್ರೀಯ ಲೀಗ್ ಗೆದ್ದಾಗ ತಂಡದಲ್ಲಿದ್ದರು. 2001ರಲ್ಲಿ ಈಸ್ಟ್ ಬೆಂಗಾಲ್ ಅದೇ ಪ್ರಶಸ್ತಿ ಗೆದ್ದಾಗ ನಾಯಕರಾಗಿದ್ದರು. ಆಟ ನಿಲ್ಲಿಸಿದ ಮೇಲೆ ತರಬೇತುದಾರರಾಗಿ ಊರಿಂದೂರಿಗೆ ತಿರುಗಿದ ಅವರು 2020ರ ಅಕ್ಟೋಬರ್‌ನಲ್ಲಿ, 49ರ ಹರೆಯದಲ್ಲಿ, ಬೆಂಗಳೂರಿನಲ್ಲಿ ನಿಧನರಾದರು. ಜೆಸಿಟಿ ತಂಡ 2011ರಲ್ಲೇ ಮುಚ್ಚಿತ್ತು. ಅದಕ್ಕೂ ಒಂದು ವರ್ಷ ಮೊದಲು ಮುಂಬೈಯ ಮಹೀಂದ್ರ ಯುನೈಟೆಡ್ ಮುಚ್ಚಿತ್ತು.

ಸುನಿಲ್ ಛೆಟ್ರಿಯವರ ವೃತ್ತಿಜೀವನವನ್ನು ಈ ಹಿನ್ನೆಲೆಯಲ್ಲಿ ಓದಬೇಕು. 2002ರಲ್ಲಿ ಮೋಹನ್ ಬಗಾನ್‌ನಿಂದ ಆರಂಭಿಸಿ ಜೆಸಿಟಿ, ಈಸ್ಟ್ ಬೆಂಗಾಲ್, ಡೆಂಪೊ, ಅಮೆರಿಕದ ಕನ್ಸಾಸ್ ಸಿಟಿ, ಚಿರಾಗ್ ಯುನೈಟೆಡ್, ಪೋರ್ಚುಗಲ್‌ನ ಸ್ಪೋರ್ಟಿಂಗ್, ಚರ್ಚಿಲ್ ಬ್ರದರ್ಸ್—ಹನ್ನೊಂದು ವರ್ಷಗಳಲ್ಲಿ ಎಂಟು ಕ್ಲಬ್ಬು. ಇದನ್ನು ಚಂಚಲತೆ ಎಂದವರುಂಟು. ಆದರೆ ಆ ಎಂಟರಲ್ಲಿ ಎಷ್ಟು ಕ್ಲಬ್ಬುಗಳು ಇಂದು ಅಗ್ರ ಲೀಗ್‌ನಲ್ಲಿವೆ ಎಂದು ಕೇಳಿಕೊಂಡರೆ ಚಂಚಲರು ಯಾರೆಂಬುದು ಹೊಳೆಯುತ್ತದೆ. 2009ರಲ್ಲಿ ಲಂಡನ್ನಿನ ಕ್ವೀನ್ಸ್ ಪಾರ್ಕ್ ರೇಂಜರ್ಸ್ ಜೊತೆ ಮೂರು ವರ್ಷದ ಒಪ್ಪಂದಕ್ಕೆ ಅವರು ಸಹಿಯನ್ನೇ ಹಾಕಿದ್ದರು. ಅದು ಅಂತೆಕಂತೆಯಾಗಿರಲಿಲ್ಲ. ಆದರೆ ಬ್ರಿಟನ್ ಕೆಲಸದ ಪರವಾನಗಿ ನೀಡಲಿಲ್ಲ; ಫಿಫಾ ರ್‍ಯಾಂಕಿಂಗ್‌ನಲ್ಲಿ ಭಾರತ ಮೊದಲ ಎಪ್ಪತ್ತರೊಳಗಿಲ್ಲ ಎಂಬುದು ಕಾರಣ. ಆಟಗಾರನ ಆಯ್ಕೆ, ಕ್ಲಬ್ಬಿನ ಆಯ್ಕೆ ಎರಡೂ ಕೂಡಿ ಬಂದರೂ ಪಾಸ್‌ಪೋರ್ಟ್ ಅಡ್ಡ ಬಂತು. ವೀಸಾ ಕೈತಪ್ಪಿ ಮರಳಿದ ಅನುಭವ ನಮ್ಮ ಎಂಜಿನಿಯರುಗಳ ಮನೆಗಳಲ್ಲೂ ಅಪರಿಚಿತವಲ್ಲ.

2013ರಲ್ಲಿ ಜೆಎಸ್‌ಡಬ್ಲ್ಯು ಸಂಸ್ಥೆ ಬೆಂಗಳೂರು ಎಫ್‌ಸಿ ಸ್ಥಾಪಿಸಿದಾಗ ಛೆಟ್ರಿ ಇಲ್ಲಿಗೆ ಬಂದರು. ನಡುವೆ ಮುಂಬೈಗೆ ಎರವಲು ಹೋಗಿಬಂದದ್ದು ಬಿಟ್ಟರೆ ಮತ್ತೆ ಕದಲಲಿಲ್ಲ. ಈ ಕ್ಲಬ್ಬು ಹೊಸತನ್ನು ತಂದದ್ದು ನಿಜ. ಮೊದಲ ಋತುವಿನಲ್ಲೇ ಐ–ಲೀಗ್ ಪ್ರಶಸ್ತಿ, 2016ರಲ್ಲಿ ಎಎಫ್‌ಸಿ ಕಪ್ ಫೈನಲ್, 2019ರಲ್ಲಿ ಇಂಡಿಯನ್ ಸೂಪರ್ ಲೀಗ್ ಪ್ರಶಸ್ತಿ. ಇವೆಲ್ಲಕ್ಕಿಂತ ಮಿಗಿಲಾಗಿ, ಅವಧಿ ಬರೆದ ಕರಾರು, ವೈದ್ಯರು, ಆಹಾರತಜ್ಞರು, ನಿಗದಿತ ದಿನ ಸಂಬಳ. ನಾರ್ವೆಯ ಸ್ಟಾಬೆಕ್ ಕ್ಲಬ್ಬಿನಲ್ಲಿದ್ದು, ಯುರೋಪಾ ಲೀಗ್ ಅರ್ಹತಾ ಪಂದ್ಯದಲ್ಲಿ ಆಡಿದ ಮೊದಲ ಭಾರತೀಯನೆನಿಸಿದ ಗುರುಪ್ರೀತ್ ಸಿಂಗ್ ಸಂಧು 2017ರಲ್ಲಿ ಯುರೋಪ್ ಬಿಟ್ಟು ಬೆಂಗಳೂರಿಗೆ ಬಂದಾಗ ಹಲವರು ಹುಬ್ಬೇರಿಸಿದ್ದರು. ಗೋಲ್‌ಕೀಪರನ ಕಷ್ಟ ಅರಿತವರಿಗೆ ಅದರಲ್ಲಿ ಅಚ್ಚರಿಯಿರಲಿಲ್ಲ. ತಂಡಕ್ಕೆ ಒಬ್ಬನೇ ಗೋಲ್‌ಕೀಪರ್. ಎರಡನೆಯವನು ಗಾಯಕ್ಕೋ ಅಮಾನತಿಗೋ ಕಾಯುತ್ತಾ ಬೆಂಚಿನಲ್ಲಿ ಕೂರಬೇಕು. ‘ಬೆಂಚ್’ ಎಂಬ ಪದವನ್ನು ಫುಟ್‌ಬಾಲ್ ಮತ್ತು ಸಾಫ್ಟ್‌ವೇರ್ ಎರಡೂ ಒಂದೇ ಅರ್ಥದಲ್ಲಿ ಬಳಸುತ್ತವೆ. ಪ್ರಾಜೆಕ್ಟ್ ಇಲ್ಲದೆ ಬೆಂಚಿನಲ್ಲಿ ಕುಳಿತವನಿಗೆ ಸಂಬಳ ಬಂದರೂ ನಿದ್ದೆ ಬಾರದು. ಆಟಗಾರನ ಬೆಲೆ ಆಡಿದ ನಿಮಿಷಗಳಲ್ಲಿದೆ. ಹೆಸರಾಂತ ಕ್ಲಬ್ಬಿನ ಬೆಂಚಿಗಿಂತ ಸಾಧಾರಣ ಕ್ಲಬ್ಬಿನ ಮೈದಾನ ಲೇಸೆಂಬ ಲೆಕ್ಕ ಗಾಳಿಸುದ್ದಿಯ ಅಂಕಣಗಳಲ್ಲಿ ಕಾಣಸಿಗುವುದಿಲ್ಲ.

ಹಾಗೆಂದು ಹೊಸ ವ್ಯವಸ್ಥೆಯಲ್ಲಿ ಆಯ್ಕೆ ಆಟಗಾರನದ್ದೇ ಆಗಿತ್ತೆನ್ನಲಾಗದು. 2015ರ ಐಎಸ್‌ಎಲ್ ಹರಾಜಿನಲ್ಲಿ ಛೆಟ್ರಿ 1.2 ಕೋಟಿ ರೂಪಾಯಿಗೆ ಮುಂಬೈ ಪಾಲಾದರೆ, ಬೆಂಗಳೂರಿನದೇ ಆಟಗಾರ ಯೂಜೀನ್‌ಸನ್ ಲಿಂಗ್ಡೊ 1.05 ಕೋಟಿಗೆ ಪುಣೆ ಪಾಲಾದರು. 2017ರಲ್ಲಿ ಡ್ರಾಫ್ಟ್ ನಡೆಯಿತು. ಆಟಗಾರನಿಗೆ ಮೊದಲೇ ಬೆಲೆ ಕಟ್ಟಿ, ಕ್ಲಬ್ಬುಗಳು ಸರದಿಯಂತೆ ಆರಿಸಿಕೊಳ್ಳುವ ಪದ್ಧತಿ ಅದು. ಆಟಗಾರ ಎಲ್ಲಿಗೆ ಹೋಗಬೇಕೆಂಬುದನ್ನು ಆತ ತೀರ್ಮಾನಿಸುವಂತಿಲ್ಲ. ಚೀಟಿ ಯಾರ ಕೈಗೆ ಬರುತ್ತದೋ ಅಲ್ಲಿಗೆ. ಅತ್ತಿಬೆಲೆಯ ಗುತ್ತಿಗೆ ಕಾರ್ಮಿಕನಿಗೆ ಈ ಪದ್ಧತಿ ತಕ್ಷಣ ಅರ್ಥವಾದೀತು. ಅವನನ್ನೂ ಯಾವ ಕಂಪನಿಗೆ ಕಳಿಸಬೇಕೆಂಬುದನ್ನು ನಿರ್ಧರಿಸುವವನು ಗುತ್ತಿಗೆದಾರ.

ಡ್ರಾಫ್ಟ್ ಹೋಗಿ ಮುಕ್ತ ಮಾರುಕಟ್ಟೆ ಬಂದ ಮೇಲೂ ಗೊಂದಲ ತಪ್ಪಲಿಲ್ಲ. 2024ರಲ್ಲಿ ಅನ್ವರ್ ಅಲಿ ಎಂಬ ಡಿಫೆಂಡರ್ ಮೋಹನ್ ಬಗಾನ್‌ನಲ್ಲಿ ಎರವಲು ಆಟಗಾರನಾಗಿದ್ದು, ಆ ಕರಾರು ಮುರಿದು, ಮೂಲ ಕ್ಲಬ್ಬಾದ ಡೆಲ್ಲಿ ಎಫ್‌ಸಿ ಮೂಲಕ ಬದ್ಧ ಪ್ರತಿಸ್ಪರ್ಧಿ ಈಸ್ಟ್ ಬೆಂಗಾಲ್ ಸೇರಿದ. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ನಿನ ಸಮಿತಿ ಆತನ ಮೇಲೆ ನಾಲ್ಕು ತಿಂಗಳ ನಿಷೇಧ ಹೇರಿ, ಆತ ಮತ್ತು ಎರಡೂ ಕ್ಲಬ್ಬುಗಳು ಸೇರಿ 12.90 ಕೋಟಿ ರೂಪಾಯಿ ಪರಿಹಾರ ತೆರಬೇಕೆಂದು ಆದೇಶಿಸಿತು. ವಿವಾದ ದೆಹಲಿ ಹೈಕೋರ್ಟಿನ ಮೆಟ್ಟಿಲೇರಿದೊಡನೆ ಆ ಆದೇಶ ನಿಲ್ಲದಾಯಿತು. ಅನ್ವರ್ ಈಸ್ಟ್ ಬೆಂಗಾಲ್ ಪರ ಆಡಿದ. ಹೃದಯದ ತೊಂದರೆಯ ಕಾರಣ ಒಮ್ಮೆ ಆಟವನ್ನೇ ಬಿಡಬೇಕೆಂಬ ಸೂಚನೆ ಪಡೆದಿದ್ದ ಯುವಕನೊಬ್ಬ ದೀರ್ಘಾವಧಿಯ ಭದ್ರತೆ ಬಯಸಿದ್ದನ್ನು ತಪ್ಪೆನ್ನುವುದು ಹೇಗೆ? ಕರಾರಿಗೆ ಬೆಲೆಯಿಲ್ಲವೆಂದಾದರೆ ಕ್ಲಬ್ಬುಗಳು ಯಾವ ಧೈರ್ಯದಿಂದ ಹಣ ಹೂಡಬೇಕು? ಎರಡೂ ಪ್ರಶ್ನೆಗಳಲ್ಲಿ ನ್ಯಾಯವಿದೆ. ಆದರೆ ಈ ತಿಂಗಳುಗಳಲ್ಲಿ ಓದುಗರಿಗೆ ದಕ್ಕಿದ್ದು ‘ಯಾರು ಎಷ್ಟು ಕೊಟ್ಟರಂತೆ’ ಎಂಬ ಸುದ್ದಿಯೇ ಹೊರತು ಎರವಲು ಕರಾರಿನಲ್ಲಿ ಏನು ಬರೆದಿತ್ತೆಂಬುದಲ್ಲ.

ನಂಬುವ ಹಂಬಲ ಎಷ್ಟು ಬಲವಾದದ್ದೆಂದರೆ, 2025ರ ಜುಲೈನಲ್ಲಿ ಭಾರತ ತಂಡದ ತರಬೇತುದಾರನ ಹುದ್ದೆಗೆ ಬಾರ್ಸಿಲೋನಾದ ಹಿರಿಯ ಆಟಗಾರ ಜಾವಿ ಅರ್ಜಿ ಹಾಕಿದ್ದಾರೆಂಬ ಸುದ್ದಿ ದೇಶವಿದೇಶಗಳಲ್ಲಿ ಹರಡಿತು. ಜಾವಿ ಮಾತ್ರವಲ್ಲ, ಪೆಪ್ ಗಾರ್ಡಿಯೋಲಾ ಹೆಸರಿನಲ್ಲೂ ಇ–ಮೇಲ್ ಬಂದಿತ್ತು, ಅವು ಅಸಲಿಯಲ್ಲ ಎಂದು ಕೊನೆಗೆ ಫೆಡರೇಷನ್ನೇ ಸ್ಪಷ್ಟನೆ ನೀಡಬೇಕಾಯಿತು. ಹುದ್ದೆ ದೊರೆತದ್ದು ಖಾಲಿದ್ ಜಮೀಲ್ ಅವರಿಗೆ.

ಈ ಪ್ರಹಸನ ನಡೆಯುತ್ತಿದ್ದಾಗಲೇ ನಿಜವಾದ ಅನಾಹುತ ಹೊಸ್ತಿಲಲ್ಲಿತ್ತು. ಲೀಗ್ ನಡೆಸುತ್ತಿದ್ದ ವಾಣಿಜ್ಯ ಸಂಸ್ಥೆ ಹಾಗೂ ಫೆಡರೇಷನ್ ನಡುವೆ 2010ರಲ್ಲಿ ಆಗಿದ್ದ 15 ವರ್ಷಗಳ ಒಪ್ಪಂದ 2025ರ ಡಿಸೆಂಬರ್‌ನಲ್ಲಿ ಮುಗಿಯಲಿತ್ತು. ನವೀಕರಣವಾಗದ ಕಾರಣ ಜುಲೈ 11ರಂದು ಆ ಋತುವನ್ನೇ ತಡೆಹಿಡಿಯಲಾಯಿತು. ಆಗಸ್ಟ್ ಮೊದಲ ವಾರದಲ್ಲಿ ಬೆಂಗಳೂರು ಎಫ್‌ಸಿ ತನ್ನ ಮೊದಲ ತಂಡದ ಆಟಗಾರರು ಮತ್ತು ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟ ಕಾಲ ಸ್ಥಗಿತಗೊಳಿಸಿರುವುದಾಗಿ ಪ್ರಕಟಿಸಿತು. ಅಚ್ಚುಕಟ್ಟಿಗೆ ಹೆಸರಾದ, ಅದೇ ವರ್ಷದ ಏಪ್ರಿಲ್‌ನಲ್ಲಿ ಫೈನಲ್ ಆಡಿದ್ದ ಕ್ಲಬ್ಬಿನ ಗತಿ ಇದಾದರೆ ಉಳಿದವುಗಳ ಪಾಡು ಊಹಿಸಬಹುದು. ವಾಣಿಜ್ಯ ಹಕ್ಕುಗಳಿಗೆ ಕರೆದ ಟೆಂಡರ್‌ನ ಗಡುವು ನವೆಂಬರ್‌ನಲ್ಲಿ ಮುಗಿದಾಗ ಒಂದೇ ಒಂದು ಬಿಡ್ ಬಂದಿರಲಿಲ್ಲ. 2026ರ ಜನವರಿ ಆರಂಭದಲ್ಲಿ ಛೆಟ್ರಿ, ಗುರುಪ್ರೀತ್, ಸಂದೇಶ್ ಝಿಂಗನ್ ಮೊದಲಾದವರು ಫಿಫಾ ಮಧ್ಯಪ್ರವೇಶಿಸಲೆಂದು ವಿಡಿಯೊ ಮೂಲಕ ಮನವಿ ಮಾಡಿಕೊಳ್ಳಬೇಕಾಯಿತು. ಬಳಿಕ ಕೇಂದ್ರ ಕ್ರೀಡಾ ಸಚಿವರು ಫೆಬ್ರವರಿ 14ರಿಂದ ಮೊಟಕುಗೊಳಿಸಿದ ಲೀಗ್ ನಡೆಯಲಿದೆಯೆಂದು ಘೋಷಿಸಿದರು.

ಈ ಏಳು ತಿಂಗಳಲ್ಲಿ ವರ್ಗಾವಣೆ ಸುದ್ದಿಗಳು ನಿಲ್ಲಲಿಲ್ಲ. ಆಡಲು ಲೀಗ್ ಇದೆಯೋ ಇಲ್ಲವೋ ತಿಳಿಯದಿದ್ದಾಗಲೂ ಯಾರು ಯಾವ ಕ್ಲಬ್ಬಿಗೆ ಎಂಬ ಊಹೆ ನಡೆದೇ ಇತ್ತು. ಛೆಟ್ರಿ, ಗುರುಪ್ರೀತ್ ಅವರಂಥವರು ಹೇಗೋ ಸುಧಾರಿಸಿಕೊಂಡಾರು. ಚಿಂತೆ ಇರುವುದು ಹತ್ತೊಂಬತ್ತರ ಹುಡುಗನ ಬಗ್ಗೆ; ಎರಡು ವರ್ಷದ ಕರಾರಿಗಾಗಿ ಕಾಲೇಜು ಬಿಟ್ಟವನ ಬಗ್ಗೆ; ಮತ್ತು ಅಗ್ರ ಲೀಗ್‌ನ ಕೆಳಗಿನ ಮೆಟ್ಟಿಲುಗಳ ಬಗ್ಗೆ. ನಮ್ಮದೇ ಎಸ್‌ಸಿ ಬೆಂಗಳೂರು 2024ರಲ್ಲಿ ಐ–ಲೀಗ್‌ಗೆ ಬಡ್ತಿ ಪಡೆದು ಮರುವರ್ಷವೇ ಹಿಂಬಡ್ತಿ ಅನುಭವಿಸಿತು. ಅಂತಹ ತಂಡದ ಆಟಗಾರನ ಕರಾರು ಸಾಮಾನ್ಯವಾಗಿ ಋತುವಿಗೊಂದು. ತಂಡ ಜಾರಿದರೆ ಆತ ಎಲ್ಲಿಗೆ ಹೋಗುತ್ತಾನೆಂದು ಯಾರೂ ಬರೆಯುವುದಿಲ್ಲ. 2023ರ ಮಾರ್ಚ್ 4ರಂದು ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿ ಕರ್ನಾಟಕ ತಂಡ 54 ವರ್ಷಗಳ ನಂತರ ಸಂತೋಷ್ ಟ್ರೋಫಿ ಗೆದ್ದಾಗ ನಾವೆಲ್ಲ ಹೆಮ್ಮೆಪಟ್ಟೆವು. ಆ ತಂಡದ ಎಷ್ಟು ಜನರ ಹೆಸರು ನಮಗೆ ನೆನಪಿದೆ? ಅವರ ಹಿಂದಿನ ಪೀಳಿಗೆಗೆ ಅಂತಹ ಗೆಲುವು ಎಂದರೆ ಕಾರ್ಖಾನೆಯ ನೇಮಕಾತಿ ಪತ್ರ ಎಂದೇ ಅರ್ಥವಾಗಿತ್ತು.

ಹಳೆಯ ಸಾರ್ವಜನಿಕ ಉದ್ದಿಮೆಗಳ ಕಾಲ ಮರಳಿ ಬಾರದು. ಬರಲೆಂದು ಕೇಳುವುದೂ ಕಾಲವಿರೋಧಿಯಾದೀತು. ಖಾಸಗಿ ಬಂಡವಾಳ ಬಾರದೆ ಹೋಗಿದ್ದರೆ ಕಂಠೀರವ ಕ್ರೀಡಾಂಗಣ ಫುಟ್‌ಬಾಲ್‌ಗಾಗಿ ತುಂಬುತ್ತಲೂ ಇರಲಿಲ್ಲ. ಆದರೆ ಬಂಡವಾಳದೊಡನೆ ಬರಬೇಕಾದ ನಿಯಮಗಳು ಮಾತ್ರ ಅರ್ಧ ದಾರಿಯಲ್ಲೇ ಉಳಿದುಕೊಂಡಿವೆ. ಫಿಫಾ ನಿಯಮಾವಳಿಯಲ್ಲಿ ‘ಒಗ್ಗಟ್ಟಿನ ಪಾಲು’ ಎಂಬುದೊಂದಿದೆ. ಅಂತರರಾಷ್ಟ್ರೀಯ ವರ್ಗಾವಣೆ ಶುಲ್ಕದ ಶೇ 5ರಷ್ಟು ಹಣ ಆಟಗಾರನನ್ನು 12ರಿಂದ 23ನೆಯ ವಯಸ್ಸಿನವರೆಗೆ ತಿದ್ದಿದ ಕ್ಲಬ್ಬುಗಳಿಗೆ ಹಂಚಿಕೆಯಾಗಬೇಕು. ಉದ್ದೇಶ ಒಳ್ಳೆಯದೇ. ಆದರೆ ಕರಾರು ಮುಗಿಸಿಕೊಂಡು ಶುಲ್ಕವಿಲ್ಲದೆ ಊರೂರು ತಿರುಗುವ ನಮ್ಮ ಆಟಗಾರರ ಲೆಕ್ಕದಲ್ಲಿ ಆ ಶೇ 5 ಯಾವುದರ ಮೇಲೆ? ಶೂನ್ಯದ ಶೇ 5 ಶೂನ್ಯವೇ. ಆನೇಕಲ್ ತಾಲ್ಲೂಕಿನ ಸರ್ಕಾರಿ ಶಾಲೆಯ ಮೈದಾನದಲ್ಲಿ ದೈಹಿಕ ಶಿಕ್ಷಕರೊಬ್ಬರು ತಯಾರು ಮಾಡಿದ ಹುಡುಗ ನಾಳೆ ದೊಡ್ಡ ಕ್ಲಬ್ಬಿಗೆ ಆಡಿದರೂ ಆ ಮೈದಾನಕ್ಕೆ ಒಂದು ಗೋಲ್‌ಪೋಸ್ಟ್‌ನ ಹಣವೂ ಮರಳದು.

ಆಟಗಾರರ ಸಂಘಟನೆಯ ಮಾತೂ ಇಷ್ಟೇ. ಬೈಚುಂಗ್ ಭುಟಿಯಾ ಮುಂದಾಳತ್ವದಲ್ಲಿ 2006ರಲ್ಲಿ ಭಾರತೀಯ ಫುಟ್‌ಬಾಲ್ ಆಟಗಾರರ ಸಂಘ ಹುಟ್ಟಿತು. ಸಂಬಳ ಬಾಕಿಯಂತಹ ಪ್ರಕರಣಗಳಲ್ಲಿ ಅದು ದನಿಯೆತ್ತಿದ್ದೂ ಉಂಟು. ಆದರೆ ಸಂಘವನ್ನು ಸೇರಿದರೆ ಮುಂದಿನ ಕರಾರು ಕೈತಪ್ಪೀತೆಂಬ ಅಳುಕು ಕಿರಿಯ ಆಟಗಾರನಲ್ಲಿ ಇದ್ದೇ ಇರುತ್ತದೆ. ಈ ಅಳುಕಿನ ಪರಿಚಯ ನಮ್ಮ ಕೈಗಾರಿಕಾ ಪಟ್ಟಿಗೆ ಚೆನ್ನಾಗಿಯೇ ಇದೆ.

ಮಧ್ಯಮ ವರ್ಗದ ಪಾಲಕರು ಈಗ ಮಕ್ಕಳನ್ನು ವಾರಾಂತ್ಯದ ಫುಟ್‌ಬಾಲ್ ಅಕಾಡೆಮಿಗಳಿಗೆ ಧಾರಾಳವಾಗಿ ಕಳಿಸುತ್ತಾರೆ. ಸರ್ಜಾಪುರ ರಸ್ತೆಯುದ್ದಕ್ಕೂ ಅವುಗಳ ಫಲಕಗಳು ಕಾಣಿಸುತ್ತವೆ. ಹದಿನಾರು ದಾಟಿದೊಡನೆ ಆ ಮಕ್ಕಳಲ್ಲಿ ಬಹುಪಾಲು ಸಿಇಟಿ ಕೋಚಿಂಗ್‌ಗೆ ಹೊರಳುತ್ತವೆ. ಅದನ್ನು ಆಕ್ಷೇಪಿಸುವಂತಿಲ್ಲ. ಪಾಲಕರೂ ಲೆಕ್ಕ ಹಾಕಬಲ್ಲರು. ಹಾಗಾಗಿ ವೃತ್ತಿಪರ ಆಟಕ್ಕೆ ಉಳಿಯುವವರು ಬೇರೆ ದಾರಿ ಇಲ್ಲದ ಮನೆಗಳ ಮಕ್ಕಳು. ಕರಾರಿನ ಷರತ್ತುಗಳನ್ನು ಓದಿ, ವಕೀಲರನ್ನು ಕೇಳಿ, ಸಹಿ ಹಾಕುವ ಅನುಕೂಲ ಅತ್ಯಂತ ಕಡಿಮೆ ಇರುವುದೂ ಇವರಿಗೇ. ಗಾಯವಾದರೆ ಚಿಕಿತ್ಸೆ ಯಾರದು, ಕ್ಲಬ್ಬು ಮುಚ್ಚಿದರೆ ಬಾಕಿ ಯಾರು ಕೊಡಬೇಕು, ಏಜೆಂಟನ ಪಾಲೆಷ್ಟು, ಬೇರೆ ಕ್ಲಬ್ಬು ಕರೆದರೆ ಬಿಡುಗಡೆ ಹೇಗೆ ಎಂಬ ನಾಲ್ಕು ಸಂಗತಿಗಳು ಅವರಿಗೆ ತಿಳಿಯುವುದು ತೊಂದರೆ ಬಂದ ಮೇಲೆ.

ಬೆಂಗಳೂರಿನ ಲೀಗ್ ನಡೆಸುವುದು ಕರ್ನಾಟಕ ರಾಜ್ಯ ಫುಟ್‌ಬಾಲ್ ಸಂಸ್ಥೆ. ದೆಹಲಿಯಲ್ಲಿ ಫೆಡರೇಷನ್ನಿನ ಭವಿಷ್ಯ ಏನಾಗುವುದೋ, ಅದು ದೂರದ ಮಾತು. ತನ್ನ ವ್ಯಾಪ್ತಿಯ ಪ್ರತಿ ಕ್ಲಬ್ಬೂ ಆಟಗಾರನೊಡನೆ ಲಿಖಿತ ಕರಾರು ಮಾಡಿಕೊಳ್ಳಬೇಕು, ಆ ಕರಾರಿಗೆ ಒಂದು ಮಾದರಿ ಇರಬೇಕು, ಅದರ ಒಂದು ಪ್ರತಿ ಸಂಸ್ಥೆಯಲ್ಲಿ ನೋಂದಣಿಯಾಗಬೇಕು, ಇನ್ನೊಂದು ಪ್ರತಿ ಆಟಗಾರನ ಕೈಯಲ್ಲಿರಬೇಕು ಎಂದು ವಿಧಿಸಲು ದೆಹಲಿಯ ಅಪ್ಪಣೆ ಬೇಕಿಲ್ಲ. ಗಾಯದ ವಿಮೆಯನ್ನು ನೋಂದಣಿಯ ಷರತ್ತಾಗಿಸುವುದಕ್ಕೂ ಬೇಕಿಲ್ಲ. ಆ ಕರಾರಿನ ಪ್ರತಿ ಕನ್ನಡದಲ್ಲೂ ಇರಲಿ. ಅತ್ತಿಬೆಲೆಯಿಂದ ಎರಡು ಬಸ್ಸು, ಒಂದು ಮೆಟ್ರೊ ಬದಲಾಯಿಸಿ ಅಶೋಕನಗರದ ಆಯ್ಕೆ ಶಿಬಿರಕ್ಕೆ ಬರುವ ಹುಡುಗನ ಜೊತೆ ಸಹಿ ಹಾಕಲು ಬರುವ ತಂದೆ ಓದಬಲ್ಲ ಭಾಷೆ ಅದು.